ಭತ್ತದ ಲಿಪಿ ಓದುವವರು ಬೇಕು

ಸಿಂಧನೂರಿನ ಕಾಲುವೆ ಬಯಲಿನಲ್ಲಿ ಸೋನಾ ಮಸೂರಿ ಬೆಳೆಯುವ ರೈತನಿಗೆ ದುಂಡಾಣು ಅಂಗಮಾರಿ ರೋಗ ಹೊಸತಲ್ಲ. ಈ ರೋಗ ತಡೆಯಬಲ್ಲ ಮೂರು ಜೀನ್‌ಗಳನ್ನು ಸಾಂಬಾ ಮಸೂರಿಗೆ ಸೇರಿಸಿ ಹೈದರಾಬಾದಿನ ವಿಜ್ಞಾನಿಗಳು ರೂಪಿಸಿದ ತಳಿ 2008ರಲ್ಲಿ ಬಿಡುಗಡೆಯಾಯಿತು. ಇಂಥ ಜೀನ್‌ಗಳ ಹುಡುಕಾಟ ಇಂದು ಗದ್ದೆಯಲ್ಲಿ ನಡೆಯುವಷ್ಟೇ ಕಂಪ್ಯೂಟರಿನ ಮುಂದೆಯೂ ನಡೆಯುತ್ತದೆ. ಆ ಕೆಲಸ ನಮ್ಮ ಮಕ್ಕಳಿಗೆ ಏಕೆ ದಕ್ಕಬಾರದು ಎಂಬುದು ನನ್ನ ಪ್ರಶ್ನೆ.

ಭತ್ತದ ಜೀನೋಮ್ ಸುಮಾರು 39 ಕೋಟಿ ಅಕ್ಷರಗಳ ಗ್ರಂಥ. ಭಾರತವೂ ಪಾಲ್ಗೊಂಡಿದ್ದ ಅಂತರರಾಷ್ಟ್ರೀಯ ಯೋಜನೆ 2005ರಲ್ಲಿ ಅದನ್ನು ಪ್ರಕಟಿಸಿತು. 2014ರಲ್ಲಿ 89 ದೇಶಗಳ 3,000 ಭತ್ತದ ಮಾದರಿಗಳ ಮಾಹಿತಿ ಹೊರಬಂತು. ಇವೆಲ್ಲ ಅಂತರ್ಜಾಲದಲ್ಲಿ ಉಚಿತ. ಇವನ್ನು ವಿಶ್ಲೇಷಿಸಲು ಬೇಕಾದ ಪೈಥಾನ್, ಆರ್ ಭಾಷೆಗಳೂ ಉಚಿತ. ಕೋಟ್ಯಂತರ ರೂಪಾಯಿಯ ಯಂತ್ರಗಳು ಲಿಂಗಸುಗೂರಿಗೆ ಬರಲಿಕ್ಕಿಲ್ಲ. ಆದರೆ ಅವು ಹೊರಗೆಡಹಿದ ಮಾಹಿತಿ ಅಲ್ಲಿನ ಕಾಲೇಜಿನ ಮೇಜಿಗೂ ಬರಬಲ್ಲದು.

ಸಿದ್ಧ ತಂತ್ರಾಂಶಗಳು ಸಾಲವೇ ಎಂದು ಕೇಳುವವರಿದ್ದಾರೆ. ಸಾಲವು. ಎಕ್ಸೆಲ್ ತಂತ್ರಾಂಶವು 'ಸೆಪ್ಟ್2' ಎಂಬ ಮಾನವ ಜೀನ್‌ನ ಹೆಸರನ್ನು ತಾನಾಗಿಯೇ ಸೆಪ್ಟೆಂಬರ್ 2 ಎಂಬ ದಿನಾಂಕವಾಗಿ ಬದಲಿಸುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿಗಳನ್ನು ಲಗತ್ತಿಸಿದ್ದ ಪ್ರಬಂಧಗಳ ಪೈಕಿ ಸುಮಾರು ಐದರಲ್ಲೊಂದು ಭಾಗದಲ್ಲಿ ಇಂಥ ದೋಷಗಳಿವೆಯೆಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರಲ್ಲಿ ಬದಲಾದದ್ದು ಜೀನ್‌ಗಳ ಹೆಸರುಗಳೇ! ತಾನೇ ಬರೆದ ಪ್ರೋಗ್ರಾಮಿನಲ್ಲಿಯೂ ತಪ್ಪು ನುಸುಳೀತು; ಆದರೆ ಪ್ರತಿ ಹೆಜ್ಜೆಯೂ ಅಲ್ಲಿ ದಾಖಲಾಗಿರುವುದರಿಂದ ಮತ್ತೊಬ್ಬರು ಅದನ್ನು ಪರೀಕ್ಷಿಸಿ ತಿದ್ದಬಹುದು.

ಅಡ್ಡಿ ಇರುವುದು ಬೇರೆಡೆ. "ಲೆಕ್ಕ ಬ್ಯಾಡಂತನ ಬಯಾಲಜಿ ತಗೊಂಡೀನ್ರಿ ಸರ್" ಎನ್ನುವ ವಿದ್ಯಾರ್ಥಿಗಳು ಈ ಭಾಗದಲ್ಲಿ ನನಗೆ ಆಗಾಗ ಸಿಗುತ್ತಾರೆ. ಅವರನ್ನು ದೂಷಿಸಲಾರೆ. ಜೀವವಿಜ್ಞಾನವೆಂದರೆ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಎಂದು ಕಲಿಸಿದವರು ನಾವೇ. ಆದರೆ ಕಂದು ಜಿಗಿಹುಳು ಗದ್ದೆ ಸುಡುವುದನ್ನು ಕಣ್ಣಾರೆ ಕಂಡವನಿಗೆ ಮಾಹಿತಿಯ ರಾಶಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ಗೊತ್ತಿರುತ್ತದೆ. ನಗರದ ತಂತ್ರಜ್ಞನಿಗಿಲ್ಲದ ಬಂಡವಾಳ ಅದು.

ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನಮ್ಮ ನಡುವೆಯೇ ಇತ್ತು. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರಿಂದಲೇ, 1915ರಲ್ಲಿ ಶಾಸನ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರನ್ನು ಓದಲು ಸಾಧ್ಯವಾಯಿತು. ಕಣ್ಣೆದುರಿನ ಬರಹವೂ ಲಿಪಿ ಬಾರದವನಿಗೆ ಬರಿಯ ಗೀರು.

ಆದ್ದರಿಂದ ಈ ಮೂರೂ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರಿಗೂ ಪ್ರೋಗ್ರಾಮಿಂಗ್ ಕಲಿಸಬೇಕು. ಕಂಪ್ಯೂಟರ್ ಪ್ರಯೋಗಾಲಯದ ಬಾಗಿಲು ವಾರಕ್ಕೆ ಎರಡು ದಿನವಾದರೂ ಅವರಿಗೆ ತೆರೆಯಲಿ. ಪಾಠ ಕನ್ನಡದಲ್ಲಿರಲಿ, ಉದಾಹರಣೆಗಳು ಭತ್ತ, ತೊಗರಿಯವಾಗಿರಲಿ. ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕಲಿಸುವ ಮನಸ್ಸಿನ ಒಬ್ಬ ಅಧ್ಯಾಪಕರಿಂದಲೇ ಈ ಕೆಲಸ ಆರಂಭವಾಗಬಹುದು.