ಬೆಂಕಿ ಬಿದ್ದಾಗ ಬಾವಿ ತೋಡುವುದೇ?

2021ರ ಎಪ್ರಿಲ್ ತಿಂಗಳಲ್ಲಿ ಆಮ್ಲಜನಕ ಮುಗಿಯುತ್ತ ಬಂದುದರಿಂದ ಮುಂಬಯಿ ನಗರಪಾಲಿಕೆಯು ಆರು ಆಸ್ಪತ್ರೆಗಳ 168 ರೋಗಿಗಳನ್ನು ರಾತೋರಾತ್ರಿ ಬೇರೆಡೆಗೆ ಸಾಗಿಸಬೇಕಾಯಿತು. ಕೆಲವೇ ದಿನಗಳಲ್ಲಿ ನಾಸಿಕದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕ ಸೋರಿ ಇಪ್ಪತ್ತಕ್ಕೂ ಮಿಕ್ಕಿ ಜನ ಉಸಿರುಗಟ್ಟಿ ಸತ್ತರು. ವಿರಾರದಲ್ಲಿ ತೀವ್ರ ನಿಗಾ ಘಟಕಕ್ಕೇ ಬೆಂಕಿ ತಗಲಿ ರೋಗಿಗಳು ಅಸುನೀಗಿದರು. ಇವರನ್ನು ಕೊಂದುದು ಕೋವಿಡ್ ಒಂದೇ ಅಲ್ಲ, ಸಿದ್ಧತೆಯ ಅಭಾವವೂ ಹೌದೆಂದು ನಾವು ಹೇಳಲೇಬೇಕಾಗಿದೆ.

ಸಿದ್ಧತೆಯೆಂದರೆ ಮಂಚಗಳ ಎಣಿಕೆಯಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಉಸಿರಾಟದ ಯಂತ್ರಗಳು ಸಾಲದಾದುವು. ಡಾ. ಬ್ಯೋರ್ನ್ ಇಬ್ಸೆನ್ನರ ಸಲಹೆಯಂತೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಕುಳಿತು, ಚೀಲಗಳನ್ನು ಕೈಯಿಂದ ಒತ್ತಿ ಒತ್ತಿ ರೋಗಿಗಳಿಗೆ ಉಸಿರಿತ್ತರು. ಉಸಿರಾಟ ಕುಸಿದವರಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿದ್ದ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದುದೇ ಈ ಅನುಭವದಿಂದ. ಅಂದು ಜೀವ ಉಳಿಸಿದುದು ಮನುಷ್ಯನ ಕೈ.

ಒಲೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಅಡಿಗೆಯಾಗದು, ಭಟ್ಟರು ಬೇಕೆಂಬುದು ನಮ್ಮ ಹೋಟೆಲ್ ಬಂಧುಗಳಿಗೆ ಗೊತ್ತಿದೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಪಳಗಿದ ದಾದಿಯನ್ನು ಒಂದು ವಾರದಲ್ಲಿ ತಯಾರಿಸಲಾಗದು. ಆದುದರಿಂದ ರೋಗವಿಲ್ಲದ ದಿನಗಳಲ್ಲಿಯೇ ಇತರ ವಿಭಾಗಗಳ ದಾದಿಯರಿಗೂ ಈ ಕೆಲಸವನ್ನು ಕಲಿಸಬೇಕು. ಗಾಳಿಯಿಂದ ಹರಡುವ ರೋಗಕ್ಕೆ ಪ್ರತ್ಯೇಕ ಕೋಣೆ ಬೇಕು. ಅಲ್ಲಿಯ ಗಾಳಿ ಗಂಟೆಗೆ 12 ಸಲವಾದರೂ ಬದಲಾಗಬೇಕು, ಪಕ್ಕದ ವಾರ್ಡಿಗೆ ನುಗ್ಗಕೂಡದು. ಆಮ್ಲಜನಕದ ಕೊಳವೆ, ವಿದ್ಯುತ್ ತಂತಿ, ಬೆಂಕಿ ಆರಿಸುವ ಸಾಧನಗಳ ತಪಾಸಣೆ ಕಾಗದದ ಮೇಲಷ್ಟೇ ಉಳಿಯಬಾರದು.

ಹೋಟೆಲಿನ ಅಟ್ಟದಲ್ಲಿ, ಚಾಳಿನ ಒಂದೇ ಖೋಲಿಯಲ್ಲಿ ಹತ್ತು ಮಂದಿ ಮಲಗುವ ನಮ್ಮವರಿಗೆ ಸೋಂಕು ಮೊದಲು ತಗಲುತ್ತದೆ. ಖಾಸಗಿ ಆಸ್ಪತ್ರೆಯ ಬಾಗಿಲು ಕೊನೆಗೂ ತೆರೆಯದು. ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ 2019ರ ಜುಲೈಯಿಂದ 100 ರೂಪಾಯಿ ಸಂಬಳಕ್ಕೆ ಕಾರ್ಮಿಕನು 75 ಪೈಸೆ, ಮಾಲಿಕನು 3 ರೂ. 25 ಪೈಸೆ ತೆರುವ ನಿಯಮವಿದೆ. ದುಡಿದು ತೆತ್ತ ಹಣದ ಲೆಕ್ಕ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ವಿಮಾ ಆಸ್ಪತ್ರೆಗಳೂ ಪಾಲಿಕೆಯ ಆಸ್ಪತ್ರೆಗಳೂ ತಮ್ಮ ನಿಗಾ ಘಟಕಗಳ ಮಂಚ, ದಾದಿಯರು, ಆಮ್ಲಜನಕ ಇವುಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ವರ್ಷಕ್ಕೊಮ್ಮೆ ಪ್ರತ್ಯಕ್ಷ ತಾಲೀಮು ನಡೆಸಬೇಕು. ಮತ ಕೇಳಲು ಬರುವವರೊಡನೆ ನಲ್ಲಿ ನೀರಿನ ಮಾತೆತ್ತುವ ನಾವು ಇನ್ನು ಮುಂದೆ ಈ ಮಾತನ್ನೂ ಎತ್ತೋಣ.