ಪ್ಲಾಸ್ಟಿಕ್ ಮಸೂರಗಳ ಪ್ರತಿಫಲನ ಲೇಪನ: ಕಿರು ಕ್ಯಾಮೆರಾ, ನಾಗರಿಕ ಸೇವೆ ಮತ್ತು ಕರ್ನಾಟಕದ ಮುಂದಿರುವ ಕಾರ್ಯ

ಪ್ರಚಲಿತ ವಿದ್ಯಮಾನ – ವಿಶ್ಲೇಷಣೆ
(ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ)

1. ಪೀಠಿಕೆ

ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಹೊಲವೊಂದರಲ್ಲಿ ಬೆಳೆದು ನಿಂತಿರುವ ಮೆಕ್ಕೆಜೋಳವು ಸರ್ಕಾರದ ದಾಖಲೆಗೆ ಸೇರಬೇಕಾದರೆ ಇಂದು ಅದರ ಛಾಯಾಚಿತ್ರ ಅವಶ್ಯಕವಾಗಿದೆ. ರೈತರು ತಮ್ಮ ಬೆಳೆಯ ವಿವರವನ್ನು ಚಿತ್ರಸಹಿತವಾಗಿ ತಾವೇ ಮೊಬೈಲ್ ಫೋನಿನ ಮೂಲಕ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ 2020ರ ಮುಂಗಾರು ಹಂಗಾಮಿನಲ್ಲಿ ರಾಜ್ಯದಲ್ಲಿ ಜಾರಿಗೆ ಬಂದಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಹಾಗೂ ಬೆಳೆ ಹಾನಿ ಪರಿಹಾರದ ಸಂದರ್ಭದಲ್ಲಿ ಈ ಸಮೀಕ್ಷೆಯ ದತ್ತಾಂಶವನ್ನು ಬಳಸಲಾಗುತ್ತದೆ. ಗ್ರಾಮ ಒನ್ ಯೋಜನೆಯನ್ನು 2020ರಲ್ಲಿ ಪ್ರಾಯೋಗಿಕವಾಗಿ ಕೈಗೊಂಡದ್ದು ದಾವಣಗೆರೆ ಜಿಲ್ಲೆಯಲ್ಲಿಯೇ. ಇಂತಹ ಸೇವಾ ಕೇಂದ್ರಗಳಲ್ಲಿ ಅರ್ಜಿದಾರರ ಭಾವಚಿತ್ರವನ್ನು ತೆಗೆಯುವುದು ಸಾಮಾನ್ಯವಾಗಿ ಗಣಕಯಂತ್ರಕ್ಕೆ ಜೋಡಿಸಿದ ಕಿರು ಕ್ಯಾಮೆರಾ. ಆಧಾರ್ ನೋಂದಣಿಯಲ್ಲಿ ಎರಡೂ ಕಣ್ಣುಗಳ ಪಾಪೆಯ ಚಿತ್ರವನ್ನೂ ಪಡೆಯಲಾಗುತ್ತದೆ.

ಈ ಸಾಧನಗಳ ಪೈಕಿ ಬಹುತೇಕ ಸಾಧನಗಳ ಮಸೂರಗಳು ಗಾಜಿನವಲ್ಲ, ಪ್ಲಾಸ್ಟಿಕ್‌ನವು. ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪನವಿರುತ್ತದೆ. ಚಿತ್ರವು ಸ್ಪಷ್ಟವಾಗಿ ಮೂಡುವುದೋ ಮಬ್ಬಾಗುವುದೋ ಎಂಬುದು ಬಹುಮಟ್ಟಿಗೆ ಈ ಲೇಪನವನ್ನು ಅವಲಂಬಿಸಿದೆ. ಚಿತ್ರವೇ ದಾಖಲೆಯಾಗಿರುವ ಈ ಕಾಲದಲ್ಲಿ ಲೇಪನದ ವಿಷಯವು ಕೇವಲ ತಂತ್ರಜ್ಞರಿಗೆ ಸೀಮಿತವಾದುದಲ್ಲ.

2. ಲೇಪನದ ಕಾರ್ಯ

ಲೇಪನವಿಲ್ಲದ ಪ್ಲಾಸ್ಟಿಕ್ ಮಸೂರದ ಪ್ರತಿಯೊಂದು ಮೈಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಒಂದರ ಹಿಂದೆ ಒಂದರಂತೆ 6 ಮಸೂರಗಳಿದ್ದಲ್ಲಿ 12 ಮೈಗಳಾಗುತ್ತವೆ. ಆಗ ಕೊನೆಗೆ ತಲುಪುವ ಬೆಳಕು ಶೇ. 61ರಷ್ಟು ಮಾತ್ರ. ಉಳಿದ ಬೆಳಕಿನ ಒಂದು ಭಾಗವು ಮಸೂರಗಳ ನಡುವೆ ಹಿಂದೆ ಮುಂದೆ ಪುಟಿದು, ಚಿತ್ರದ ಮೇಲೆ ಮಬ್ಬು ಅಥವಾ ಬಿಳಿಯ ಕಲೆಯಾಗಿ ಬೀಳುತ್ತದೆ. ಲೇಪನದಿಂದ ಪ್ರತಿ ಮೈಯ ಪ್ರತಿಫಲನವನ್ನು ಶೇ. 0.5ಕ್ಕೆ ಇಳಿಸಿದರೆ ಶೇ. 94ರಷ್ಟು ಬೆಳಕು ದೊರೆಯುತ್ತದೆ. ಕನ್ನಡಕದ ಅಂಗಡಿಯಲ್ಲಿ ಹೆಚ್ಚಿನ ದರಕ್ಕೆ ದೊರೆಯುವ, ಓರೆಯಾಗಿ ನೋಡಿದಾಗ ಹಸಿರು ಛಾಯೆ ತೋರುವ ಮಸೂರಗಳಲ್ಲಿಯೂ ಇದೇ ತತ್ತ್ವವಿದೆ.

ಬೆಳಕನ್ನು ಬೇಕೆಂದೇ ಪ್ರತಿಫಲಿಸುವ ಲೇಪನಗಳೂ ಇವೆ. ಕ್ಯಾಮೆರಾದ ಸಂವೇದಕವು ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನೂ ಗ್ರಹಿಸುತ್ತದೆ. ಹಸಿರು ಎಲೆಗಳು ಈ ಕಿರಣವನ್ನು ಹೇರಳವಾಗಿ ಪ್ರತಿಫಲಿಸುವುದರಿಂದ, ಅದನ್ನು ತಡೆಯದಿದ್ದಲ್ಲಿ ಬೆಳೆಯ ಬಣ್ಣವು ಚಿತ್ರದಲ್ಲಿ ಬದಲಾಗಿ ಕಾಣುತ್ತದೆ. ಹಸಿರು ಬೆಳೆ ಯಾವುದು, ಒಣಗಿದ ಬೆಳೆ ಯಾವುದು ಎಂಬುದನ್ನು ಬಣ್ಣದಿಂದ ಗುರುತಿಸುವುದು ಕಷ್ಟವಾಗುತ್ತದೆ. ಆದುದರಿಂದ ಸಂವೇದಕದ ಮುಂದೆ ತೆಳು ಗಾಜು ಅಥವಾ ರಾಳದ ಹಾಳೆಯ ಮೇಲೆ ಅವಗೆಂಪು ಕಿರಣವನ್ನು ಹಿಂದಕ್ಕೆ ಕಳುಹಿಸುವ ಹಲವು ಪದರಗಳನ್ನು ಹಾಕಲಾಗುತ್ತದೆ. ಕಣ್ಣಿನ ಪಾಪೆಯ ಚಿತ್ರ ತೆಗೆಯುವ ಸಾಧನದಲ್ಲಿ ಇದು ತದ್ವಿರುದ್ಧ: ಅಲ್ಲಿ ಅವಗೆಂಪು ಕಿರಣವೇ ಒಳಬರಬೇಕು.

3. ವಿನ್ಯಾಸದಲ್ಲಿನ ತೊಡಕುಗಳು

ಲೇಪನದ ಒಂದು ಪದರದ ದಪ್ಪವು ಸಾಮಾನ್ಯವಾಗಿ ಬೆಳಕಿನ ತರಂಗಾಂತರದ ನಾಲ್ಕನೆಯ ಒಂದು ಭಾಗದಷ್ಟಿರಬೇಕು. 550 ನ್ಯಾನೊಮೀಟರಿನ ಹಸಿರು ಬೆಳಕಿಗೆ ಸಿಲಿಕಾನ್ ಡೈಆಕ್ಸೈಡ್ ಪದರವು ಸುಮಾರು 94 ನ್ಯಾನೊಮೀಟರ್ ಆಗುತ್ತದೆ. ತಲೆಗೂದಲಿನ ದಪ್ಪವು ಇದರ ನೂರಾರು ಪಟ್ಟು. ಸಿಲಿಕಾನ್ ಡೈಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಪದರಗಳನ್ನು ಒಂದರ ಮೇಲೊಂದರಂತೆ 6 ಜೋಡಿ ಹಾಕಿದಲ್ಲಿ, ಆಯ್ದ ಬಣ್ಣದ ಬೆಳಕಿನಲ್ಲಿ ಶೇ. 98ಕ್ಕೂ ಹೆಚ್ಚನ್ನು ಪ್ರತಿಫಲಿಸಬಹುದು. ಲೆಕ್ಕಾಚಾರವು ಗಾಜಿಗೂ ಪ್ಲಾಸ್ಟಿಕ್‌ಗೂ ಹೆಚ್ಚುಕಡಿಮೆ ಒಂದೇ. ಕಷ್ಟವಿರುವುದು ಆ ಪದರಗಳನ್ನು ಕೂರಿಸುವುದರಲ್ಲಿ ಮತ್ತು ಉಳಿಸಿಕೊಳ್ಳುವುದರಲ್ಲಿ.

ಅ) ಶಾಖ: ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡ್ ಪದರವನ್ನು ಗಟ್ಟಿಯಾಗಿ ಕೂರಿಸಲು ಗಾಜನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ ಸುಮಾರು 105 ಡಿಗ್ರಿಯಲ್ಲಿಯೇ ಮೆತ್ತಗಾಗತೊಡಗುತ್ತದೆ; ಪಾಲಿಕಾರ್ಬೊನೇಟ್ ಸುಮಾರು 150 ಡಿಗ್ರಿಯಲ್ಲಿ. ಆದ್ದರಿಂದ ನಿರ್ವಾತ ಕೋಣೆಯಲ್ಲಿ ಕಡಿಮೆ ಶಾಖದಲ್ಲಿ, ಅಯಾನುಗಳ ತಾಡನದ ನೆರವಿನಿಂದ ಪದರವನ್ನು ದಟ್ಟವಾಗಿಸಬೇಕಾಗುತ್ತದೆ.

ಆ) ಹಿಗ್ಗುವಿಕೆ: ಬಿಸಿಲಿಗೆ ಪ್ಲಾಸ್ಟಿಕ್ ಗಾಜಿಗಿಂತ ಸುಮಾರು 10 ಪಟ್ಟು ಹೆಚ್ಚು ಹಿಗ್ಗುತ್ತದೆ. ಮೇಲಿನ ಲೇಪನವು ಅಷ್ಟು ಹಿಗ್ಗದು. ಹಗಲಿನ ಬಿಸಿ ಮತ್ತು ಇರುಳಿನ ತಂಪು ಪುನರಾವರ್ತನೆಯಾದಂತೆ ಲೇಪನದಲ್ಲಿ ಸೂಕ್ಷ್ಮ ಬಿರುಕು ಮೂಡಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಈ ಅಂಶವು ವಿಶೇಷವಾಗಿ ಗಮನಾರ್ಹ.

ಇ) ತೇವಾಂಶ: ಅಕ್ರಿಲಿಕ್ ನೀರನ್ನು ಹೀರಿ ಉಬ್ಬುತ್ತದೆ. ಸೈಕ್ಲೋ ಓಲೆಫಿನ್ ವರ್ಗದ ಪ್ಲಾಸ್ಟಿಕ್ ಅತ್ಯಲ್ಪ ನೀರನ್ನು ಹೀರುವುದರಿಂದ ಉತ್ತಮ ಕ್ಯಾಮೆರಾಗಳಲ್ಲಿ ಬಳಕೆಯಲ್ಲಿದೆ.

ಈ) ಕೋನ ಮತ್ತು ಬಾಗು: ಕಿರು ಕ್ಯಾಮೆರಾದೊಳಗೆ ಬೆಳಕು ಹೆಚ್ಚು ಓರೆಯಾಗಿ ಬೀಳುತ್ತದೆ. ಓರೆಯಾದಷ್ಟೂ ಪ್ರತಿಫಲನದ ಪಟ್ಟಿಯು ಕಡಿಮೆ ತರಂಗಾಂತರದ ಕಡೆಗೆ ಸರಿದು, ಚಿತ್ರದ ಅಂಚಿನಲ್ಲಿ ಬಣ್ಣ ಕೆಡುತ್ತದೆ. ಬಾಗಿದ ಮಸೂರದ ಅಂಚಿನಲ್ಲಿ ಪದರವೂ ತೆಳುವಾಗಿ ಕೂರುತ್ತದೆ. ವಿನ್ಯಾಸಕಾರರು ಈ ಎರಡಕ್ಕೂ ಮೊದಲೇ ಅವಕಾಶ ಕಲ್ಪಿಸಬೇಕಾಗುತ್ತದೆ.

4. ಕರ್ನಾಟಕದ ಸ್ಥಿತಿಗತಿ

ತೆಳು ಲೇಪನದ ವಿದ್ಯೆಯು ರಾಜ್ಯಕ್ಕೆ ಹೊಸದಲ್ಲ. 1975ರಲ್ಲಿ ಉಡಾವಣೆಗೊಂಡ ಆರ್ಯಭಟ ಉಪಗ್ರಹವು ಸಿದ್ಧಗೊಂಡ ಬೆಂಗಳೂರಿನ ಪೀಣ್ಯದಲ್ಲಿ ಇಂದು ಇಸ್ರೋ ಸಂಸ್ಥೆಯ ವಿದ್ಯುದ್ದೃಗ್ ವ್ಯವಸ್ಥೆಗಳ ಪ್ರಯೋಗಾಲಯವಿದ್ದು, ಉಪಗ್ರಹಗಳ ಸಂವೇದಕ ಮತ್ತು ದೃಗ್ ಸಾಧನಗಳನ್ನು ರೂಪಿಸುತ್ತಿದೆ. 1965ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಹಿಂದ್ ಹೈ ವ್ಯಾಕ್ಯೂಮ್ ಕಂಪನಿಯು ನಿರ್ವಾತ ಲೇಪನ ಯಂತ್ರಗಳನ್ನು ತಯಾರಿಸುತ್ತಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯು ಕಾವಲೂರಿನಲ್ಲಿ ನಡೆಸುತ್ತಿರುವ 2.34 ಮೀಟರ್ ದೂರದರ್ಶಕದ ದರ್ಪಣಕ್ಕೆ ಕಾಲಕಾಲಕ್ಕೆ ಅಲ್ಯೂಮಿನಿಯಂ ಲೇಪನವನ್ನು ಮರಳಿ ಹಾಕಲಾಗುತ್ತದೆ.

ಆದರೆ ಈ ಅನುಭವವು ಹೆಚ್ಚಾಗಿ ಗಾಜಿನದು ಮತ್ತು ಬೆರಳೆಣಿಕೆಯ ಸಾಧನಗಳದು. ಮೊಬೈಲ್ ಕ್ಯಾಮೆರಾಕ್ಕೆ ಬೇಕಾದುದು ಪ್ಲಾಸ್ಟಿಕ್‌ನ ಅನುಭವ ಮತ್ತು ಲಕ್ಷಾಂತರ ಸಂಖ್ಯೆಯಲ್ಲಿ ಒಂದೇ ಗುಣಮಟ್ಟ. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿ ಬಳಿಯೂ ಐಫೋನ್‌ಗಳ ಜೋಡಣೆ ನಡೆಯುತ್ತಿದೆಯಾದರೂ, ದೇಶದಲ್ಲಿ ಜೋಡಿಸುವ ಫೋನುಗಳ ಬಿಡಿಭಾಗಗಳಲ್ಲಿ ಬಹುಪಾಲು ಹೊರದೇಶಗಳಿಂದಲೇ ಬರುತ್ತವೆ. ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಕೇಂದ್ರ ಸಚಿವ ಸಂಪುಟವು 2025ರ ಮಾರ್ಚ್‌ನಲ್ಲಿ ರೂ. 22,919 ಕೋಟಿ ವೆಚ್ಚದ ಎಲೆಕ್ಟ್ರಾನಿಕ್ ಬಿಡಿಭಾಗಗಳ ತಯಾರಿಕಾ ಯೋಜನೆಗೆ ಅನುಮೋದನೆ ನೀಡಿತು. ಕ್ಯಾಮೆರಾ ಮಾಡ್ಯೂಲ್‌ಗಳೂ ಇದರ ವ್ಯಾಪ್ತಿಗೆ ಒಳಪಟ್ಟಿವೆ. 2025ರ ಅಕ್ಟೋಬರ್‌ನಲ್ಲಿ ಮೊದಲ ಹಂತವಾಗಿ ಅನುಮೋದನೆಗೊಂಡ 7 ಯೋಜನೆಗಳಲ್ಲಿ ಕ್ಯಾಮೆರಾ ಮಾಡ್ಯೂಲ್ ತಯಾರಿಕೆಯೂ ಸೇರಿದೆ.

ಮಾಡ್ಯೂಲ್ ಜೋಡಿಸುವುದು ಬೇರೆ, ಮಸೂರಕ್ಕೆ ಲೇಪನ ಹಾಕುವುದು ಬೇರೆ. ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬಾರದು. ಲೇಪನ ಘಟಕಕ್ಕೆ ಧೂಳಿಲ್ಲದ ಕೋಣೆ, ಅಡೆತಡೆಯಿಲ್ಲದ ವಿದ್ಯುತ್ ಮತ್ತು ನುರಿತ ಕೈಗಳು ಬೇಕು. ಇಂತಹ ಘಟಕಗಳು ಸದ್ಯಕ್ಕೆ ಬೆಂಗಳೂರು, ಕೋಲಾರದ ಸುತ್ತಮುತ್ತಲೇ ಬರುವ ಸಂಭವ ಹೆಚ್ಚು. ಜಗಳೂರಿನಂತಹ ತಾಲ್ಲೂಕಿಗೆ ತೆರೆದಿರುವ ದಾರಿಯೆಂದರೆ ತರಬೇತಿ. ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲ್ಮೈಯನ್ನು ಹೋಲುವ ಕುಳಿಗಳನ್ನು ತೋಡಿ ಇಸ್ರೋ ತನ್ನ ಸಂವೇದಕಗಳ ಪರೀಕ್ಷೆ ನಡೆಸಿತ್ತು. ಐಟಿಐ ಹಾಗೂ ಡಿಪ್ಲೊಮಾ ಪಡೆದ ಈ ಭಾಗದ ಯುವಜನರಿಗೆ ನಿರ್ವಾತ ಯಂತ್ರಗಳ ನಿರ್ವಹಣೆಯಲ್ಲಿ ತರಬೇತಿ ದೊರೆತಲ್ಲಿ ಹೊಸ ಉದ್ಯೋಗದ ಬಾಗಿಲು ತೆರೆಯುತ್ತದೆ.

5. ಖರೀದಿಯಲ್ಲಿ ಗಮನಿಸಬೇಕಾದ ಅಂಶ

ಸೇವಾ ಕೇಂದ್ರಗಳಿಗೆ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಸಂಖ್ಯೆಯನ್ನಷ್ಟೇ ನೋಡುವುದು ಸಾಲದು. ದೃಗ್ ಲೇಪನಗಳ ಉಜ್ಜುವಿಕೆ, ಅಂಟು ಮುಂತಾದ ಪರೀಕ್ಷೆಗಳಿಗೆ ಐಎಸ್ಒ 9211 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಇಂತಹ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಧನಗಳನ್ನು ಆರಿಸಿದಲ್ಲಿ ಧೂಳು ಹಾಗೂ ಬಿಸಿಲಿನ ಪ್ರದೇಶಗಳಲ್ಲಿ ಅವು ಹೆಚ್ಚು ಕಾಲ ಬಾಳುತ್ತವೆ. ಸಾಧನದ ದೋಷದಿಂದ ಚಿತ್ರವು ಮಬ್ಬಾದಲ್ಲಿ ಅದನ್ನು ಅರ್ಜಿದಾರರ ದೋಷವೆಂದು ಪರಿಗಣಿಸುವುದು ನ್ಯಾಯವಾಗದು.

6. ಅರ್ಜಿದಾರರಿಗೆ ಸೂಚನೆಗಳು

• ಚಿತ್ರ ತೆಗೆಯುವ ಮುನ್ನ ಕ್ಯಾಮೆರಾದ ಮೇಲಿನ ಧೂಳನ್ನು ಮೊದಲು ಊದಿ, ನಂತರ ಮೆತ್ತನೆಯ ಒದ್ದೆ ಬಟ್ಟೆಯಿಂದ ಹಗುರವಾಗಿ ಒರೆಸುವುದು. ಟವೆಲ್ ಅಥವಾ ಸೆರಗಿನಿಂದ ಒಣದಾಗಿ ಉಜ್ಜಿದಲ್ಲಿ ಮಣ್ಣಿನ ಕಣಗಳು ಲೇಪನವನ್ನು ಗೀರುತ್ತವೆ.
• ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವಗಳನ್ನು ಬಳಸಬಾರದು.
• ಫೋನನ್ನು ಬಿಸಿಲಿನಲ್ಲಿ ಅಥವಾ ವಾಹನದ ಮುಂಗಾಜಿನ ಬಳಿ ಬಿಡಬಾರದು.
• ಬೆಳೆಯ ಚಿತ್ರ ತೆಗೆಯುವಾಗ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವುದು.
• ಸೇವಾ ಕೇಂದ್ರದಲ್ಲಿ ತಮ್ಮ ಭಾವಚಿತ್ರವನ್ನು ಪರದೆಯ ಮೇಲೆ ನೋಡಿ, ಅಸ್ಪಷ್ಟವಾಗಿದ್ದಲ್ಲಿ ಮತ್ತೊಮ್ಮೆ ತೆಗೆಯುವಂತೆ ಕೋರುವುದು.
• ಬೆಳೆ ಸಮೀಕ್ಷೆಯಲ್ಲಿ ದಾಖಲಾದ ವಿವರ ಮತ್ತು ಚಿತ್ರವನ್ನು ಬೆಳೆ ದರ್ಶಕ್ ಆ್ಯಪ್‌ನಲ್ಲಿ ಪರಿಶೀಲಿಸಿ, ತಪ್ಪಿದ್ದಲ್ಲಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು.
• ಸಕಾಲ ವ್ಯಾಪ್ತಿಯ ಸೇವೆಯಾಗಿದ್ದಲ್ಲಿ ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯುವುದು. ಅರ್ಜಿಯು ತಿರಸ್ಕೃತವಾದಲ್ಲಿ ಅಥವಾ ವಿಳಂಬವಾದಲ್ಲಿ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅನ್ವಯ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

7. ಉಪಸಂಹಾರ

ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಪದರವೊಂದು ರೈತರ ಬೆಳೆಗೆ ಸಾಕ್ಷಿಯಾಗುವ ಚಿತ್ರವನ್ನು ಕಾಯುತ್ತದೆ. ಆ ಪದರವನ್ನು ಇಲ್ಲಿಯೇ, ಇಲ್ಲಿನ ಬಿಸಿಲು ಧೂಳುಗಳಿಗೆ ತಕ್ಕಂತೆ ರೂಪಿಸುವ ಸಾಮರ್ಥ್ಯವನ್ನು ರಾಜ್ಯವು ಗಳಿಸಿಕೊಳ್ಳಬೇಕಾಗಿದೆ. ಅಲ್ಲಿಯವರೆಗೆ ಇರುವ ಸಾಧನವನ್ನು ಜೋಪಾನವಾಗಿ ಬಳಸುವುದು ಮತ್ತು ಚಿತ್ರವು ಸರಿಯಾಗಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.