ಬೆಂಕಿ ಬೀಳೋ ಮುಂಚೆ ದುಡ್ಡು ಬರಲಿ

ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಕಬ್ಬು ಕಡಿದು ಲೋಡ್ ಕಳಿಸಿದ ಮೇಲೆ ಗದ್ದೆಯಲ್ಲಿ ಉಳಿದ ತರಗಿಗೆ ನಾನೇ ಕಡ್ಡಿ ಗೀರಿದೆ. ಬೆಳಿಗ್ಗೆ ಏಳು ಗಂಟೆ, ಗಾಳಿ ಇರಲಿಲ್ಲ. ಹತ್ತು ನಿಮಿಷಕ್ಕೆ ಹೊಳೆ ಕಡೆಯಿಂದ ಗಾಳಿ ಎದ್ದಿತು. ಬೆಂಕಿ ಬದು ದಾಟಿ ಪಕ್ಕದವರ ಹುಲ್ಲಿನ ಮೆದೆಗೆ ಹತ್ತಿಕೊಂಡಿತು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ಗಾಡಿ ತಲಕಾಡಿನ ಕಡೆಗೆ ಬರೋ ಹೊತ್ತಿಗೆ ಮೆದೆ ಬೂದಿಯಾಗಿತ್ತು. ಎರಡು ಹಸುವಿನ ಬೇಸಿಗೆಯ ಮೇವು ಹೋಯ್ತು. ಒಂದು ಲೋಡ್ ಹುಲ್ಲು ಕೊಂಡು ಕೊಟ್ಟೆ. ಪಕ್ಕದ ಗದ್ದೆಯ ಅಣ್ಣ ಬೈಯಲಿಲ್ಲ. "ನಾನೂ ಹಂಗೇ ಹಚ್ಚೋದಲ್ವೇನಪ್ಪ" ಅಂದರು, ಅಷ್ಟೇ.

ಆ ಮಾತು ಇನ್ನೂ ತಲೆಯಲ್ಲಿದೆ. ನಾವೆಲ್ಲ ಹಚ್ತೀವಿ. ಯಾಕೆ ಅಂದ್ರೆ ಕೂಳೆ ಬೆಳೆಗೆ ಬೇಗ ನೀರು ಬಿಡಬೇಕು, ತರಗು ಸಾಲಿಗೆ ಎಳೆಯೋಕೆ ಆಳು ಸಿಗಲ್ಲ, ಬೆಂಕಿಪೊಟ್ಟಣ ಅಗ್ಗ. ತರಗನ್ನು ಪುಡಿ ಮಾಡಿ ಮಣ್ಣಿಗೇ ಬಿಟ್ಟರೆ ತೇವ ಉಳಿಯುತ್ತೆ, ಕಳೆ ಕಮ್ಮಿಯಾಗುತ್ತೆ, ಸಾವಯವ ಅಂಶ ಮಣ್ಣಿಗೆ ವಾಪಸ್ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಪುಡಿ ಮಾಡೋ ಯಂತ್ರ ಬೇಕಾದ ವಾರದಲ್ಲಿ ಸಿಗಲ್ಲ. ಹಾಗಾಗಿ ಬರೀ "ಬೆಂಕಿ ಹಚ್ಚಬೇಡಿ" ಅಂತ ಬೋರ್ಡ್ ಬರೆಸಿದರೆ ಪ್ರಯೋಜನ ಇಲ್ಲ. ಬೆಂಕಿ ತಡೆಯೋದಕ್ಕೂ ದುಡ್ಡು ಬೇಕು, ಅದು ಸರ್ಕಾರದ ದುಡ್ಡೇ ಆಗಬೇಕು ಅನ್ನೋದು ನನ್ನ ವಾದ.

ಈಗ ಆ ದುಡ್ಡು ಎಲ್ಲಿಗೆ ಹೋಗ್ತಿದೆ ನೋಡಿ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಹೆಡಿಯಾಲ, ಓಂಕಾರ್ ಕಡೆ ಊರುಗಳು ಬಂಡೀಪುರದ ಕಾಡಂಚಿನಲ್ಲೇ ಇವೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಗೆ ಸಾವಿರಾರು ಎಕರೆ ಸುಟ್ಟುಹೋಯ್ತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲಿಂದ ನೀರು ಸುರಿಯಬೇಕಾಯ್ತು. ಅದಕ್ಕೂ ಎರಡು ವರ್ಷ ಮುಂಚೆ, 2017ರಲ್ಲಿ, ಅದೇ ಕಾಡಿನ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳ್ಕೊಂಡರು. ಹೆಲಿಕಾಪ್ಟರ್ ಬಂದಿದ್ದನ್ನ ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ವಿ. ಜನವರಿಯಲ್ಲೇ ಒಣಹುಲ್ಲು ತೆಗೆದು ಬೆಂಕಿ ರೇಖೆ ಮಾಡೋ ಜನರನ್ನ, ಬಿಸಿಲಲ್ಲಿ ಕಾಡು ಕಾಯೋ ಆದಿವಾಸಿ ಕಾವಲುಗಾರರನ್ನ ಯಾರೂ ವಿಡಿಯೋ ಮಾಡಲಿಲ್ಲ. ಅಸಲಿಗೆ ಬೆಂಕಿ ತಡೆಯೋದು ಅವರೇ.

ದುಡ್ಡೇ ಇಲ್ಲ ಅಂತಲ್ಲ. ಕಾಡ್ಗಿಚ್ಚು ತಡೆಗೆ ಕೇಂದ್ರದ ಯೋಜನೆ ಇದೆ, ನಮ್ಮಂಥ ರಾಜ್ಯಗಳಿಗೆ ಕೇಂದ್ರ ಶೇ 60, ರಾಜ್ಯ ಶೇ 40 ಹಾಕಬೇಕು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ವಿಪತ್ತು ನಿಧಿಯಲ್ಲಿ ನೂರಕ್ಕೆ 20 ರೂಪಾಯಿಯನ್ನ ಅಪಾಯ ತಗ್ಗಿಸೋದಕ್ಕೇ ಎತ್ತಿಡಿ ಅಂತ ಹೇಳಿತು. ಅದರಡಿ ಕರ್ನಾಟಕವೂ ಸೇರಿ 19 ರಾಜ್ಯಗಳ 144 ಜಿಲ್ಲೆಗಳಿಗೆ ಕಾಡ್ಗಿಚ್ಚಿನ ಅಪಾಯ ತಗ್ಗಿಸೋ 818.92 ಕೋಟಿ ರೂಪಾಯಿಯ ಯೋಜನೆಗೂ ಒಪ್ಪಿಗೆ ಸಿಕ್ಕಿದೆ. ಸರಾಸರಿ ಜಿಲ್ಲೆಗೆ ಐದೂವರೆ ಕೋಟಿಗಿಂತ ಸ್ವಲ್ಪ ಜಾಸ್ತಿ. ಒಳ್ಳೇದೇ. ಆದರೆ ಇದೆಲ್ಲ ಅರಣ್ಯದ ಗಡಿಯಲ್ಲೇ ನಿಂತುಬಿಡುತ್ತೆ. ಬೆಂಕಿಗೆ ಸರ್ವೆ ನಂಬರ್ ಗೊತ್ತಿಲ್ಲ. ಹೊಲದ ಬದುವಿನಿಂದ ಕಾಡಿಗೂ ಹೋಗುತ್ತೆ, ಕಾಡಿಂದ ಹೊಲಕ್ಕೂ ಬರುತ್ತೆ.

ಹೊಲ ಸುಟ್ಟರೆ ವಿಮೆ ಬರುತ್ತೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಫಸಲ್ ಬಿಮಾ ಯೋಜನೆಯಲ್ಲಿ ಇರೋದು ಸಿಡಿಲು ಮತ್ತು ನೈಸರ್ಗಿಕ ಬೆಂಕಿ. ಜೋತುಬಿದ್ದ ವಿದ್ಯುತ್ ತಂತಿಯ ಕಿಡಿ, ಯಾರೋ ಎಸೆದ ಬೀಡಿ, ನನ್ನಂಥವನು ಗೀರಿದ ಕಡ್ಡಿ, ಇವು ಅದರಲ್ಲಿ ಬರಲ್ಲ. ನಮ್ಮ ಕಡೆ ಬೀಳೋ ಬೆಂಕಿ ಬಹುಪಾಲು ಇಂಥದ್ದೇ.

ದಾರಿ ಇಲ್ಲ ಅನ್ನೋ ಹಾಗಿಲ್ಲ. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಟ್ಟ ಹೊಗೆ ದಿಲ್ಲಿಗೆ ಮುಟ್ಟಿದಾಗ, 2018ರಿಂದ ಕೇಂದ್ರ ಯಂತ್ರಕ್ಕೆ ಸಹಾಯಧನ ಕೊಟ್ಟಿತು. ಒಬ್ಬ ರೈತನಿಗೆ ಶೇ 50, ಬಾಡಿಗೆ ಕೇಂದ್ರಗಳಿಗೆ ಶೇ 80. ನಮ್ಮ ಹೊಗೆ ದಿಲ್ಲಿಗೆ ಹೋಗಲ್ಲ, ಅದಕ್ಕೇ ಯಾರಿಗೂ ಕಾಣಲ್ಲ.

ನಾನು ಕೇಳೋದು ಮೂರು. ಒಂದು, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ತರಗು ಪುಡಿ ಮಾಡೋ ಯಂತ್ರ ಇರಲಿ, ಕಟಾವಿನ ಕಾಲದಲ್ಲಿ ಸಣ್ಣ ರೈತರಿಗೆ ಕಮ್ಮಿ ಬಾಡಿಗೆಗೆ ಸಿಗಲಿ. ಎರಡು, ಪ್ರತಿ ಪಂಚಾಯಿತಿಗೂ ಟ್ರ್ಯಾಕ್ಟರ್ ಟ್ಯಾಂಕರ್‌ಗೆ ಕೂರಿಸೋ ಪಂಪು, ಉದ್ದನೆಯ ಪೈಪು, ಅದನ್ನ ನಡೆಸೋಕೆ ಕಲಿತ ನಾಲ್ಕು ಹುಡುಗರು. ಅಗ್ನಿಶಾಮಕ ಗಾಡಿ ಬರೋವರೆಗಿನ ಅರ್ಧ ಗಂಟೆಯೇ ಮುಖ್ಯ. ಮೂರು, ಕಾಡಂಚಿನಲ್ಲಿ ಬೆಂಕಿ ರೇಖೆ ಮಾಡೋರ, ಕಾವಲುಗಾರರ ಕೂಲಿ ಜನವರಿಯಿಂದ ತಿಂಗಳು ತಿಂಗಳು ಸರಿಯಾಗಿ ಕೈಗೆ ಸೇರಲಿ. ಆನೆ ತುಳಿದ ಬೆಳೆಯ ಪರಿಹಾರವೂ ಹಾಗೇ. ಪರಿಹಾರಕ್ಕೆ ಅಲೆದು ಸುಸ್ತಾದ ರೈತ ಕಾಡಿನ ಬೆಂಕಿ ಆರಿಸೋಕೆ ಓಡಿ ಬರ್ತಾನಾ?

"ಪಂಚಾಯಿತಿ ಕೈಗೆ ದುಡ್ಡು ಕೊಟ್ಟರೆ ಪಂಪು ಗೋಡೌನ್‌ನಲ್ಲಿ ತುಕ್ಕು ಹಿಡಿಯುತ್ತೆ" ಅಂತೀರ. ನಿಜ, ಆ ಭಯ ನನಗೂ ಇದೆ. ಅದಕ್ಕೆ ಪ್ರತಿ ಡಿಸೆಂಬರ್‌ನಲ್ಲಿ ಪಂಪು ಊರ ಮುಂದೆ ಓಡಿಸಿ ತೋರಿಸಬೇಕು, ಖರ್ಚಿನ ಲೆಕ್ಕ ಗ್ರಾಮಸಭೆಯಲ್ಲಿ ಓದಬೇಕು. ತುಕ್ಕು ಹಿಡಿಯೋ ಭಯಕ್ಕೆ ಪಂಪೇ ಬೇಡ ಅನ್ನೋದಾದರೆ, ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು.

ಕೈಯಲ್ಲಿ ಮೊಬೈಲ್ ಇರೋ ನಾವು ಸುಮ್ಮನೆ ಕೂರೋದು ಬೇಡ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನಂಬರ್ ನೋಂದಾಯಿಸಬಹುದು, ಉಪಗ್ರಹ ಕಂಡ ಕಾಡಿನ ಬೆಂಕಿಯ ಸಂದೇಶ ಬರುತ್ತೆ. ಬೆಂಕಿ ಕಂಡರೆ 112. ಮೆದೆ ಸುತ್ತ ಹತ್ತು ಅಡಿ ಉತ್ತು ಬರಿ ಮಣ್ಣು ಮಾಡಿ, ತಂತಿ ಕೆಳಗೆ ಮೆದೆ ಒಟ್ಟಬೇಡಿ. ಜೋತ ತಂತಿ ಇದ್ದರೆ ಫೋಟೋ ತೆಗೆದು 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಅಕ್ಟೋಬರ್‌ನಿಂದ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆ ನಡೆಯುತ್ತೆ. ಅವತ್ತು ಹೋಗಿ ಎದ್ದು ನಿಂತು ಪಂಪು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಕಳೆದ ಕಟಾವಿನಲ್ಲಿ ನಾವು ಐದು ಜನ ಸೇರಿ ದೂರದಿಂದ ಯಂತ್ರ ತರಿಸಿ ಬಾಡಿಗೆ ಹಂಚಿಕೊಂಡ್ವಿ. ಪಕ್ಕದ ಗದ್ದೆಯ ಅಣ್ಣನೂ ಅದರಲ್ಲಿ ಒಬ್ಬರು. ಹೊರೆ ಆಯ್ತು, ಸುಳ್ಳು ಹೇಳಲ್ಲ. ಪ್ರತಿ ವರ್ಷ ನಮ್ಮ ಕೈಯಿಂದಲೇ ಆಗಲ್ಲ. ಈ ಸಲದ ಗ್ರಾಮಸಭೆಯಲ್ಲಿ ಆ ಬಾಡಿಗೆ ರಸೀದಿ ಹಿಡಿದು ನಾನೇ ಮೊದಲು ಮಾತಾಡ್ತೀನಿ.